ಸಾರಿನ ಪುಡಿಯ ವಿಚಾರಣೆ

ಆ ದಿನ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಒಂದು ಮಾತು ಹೇಳಿದೆ ಎಂದು ನನ್ನ ನೆನಪು. ಎರಡು ಹೇಳಿದೆ ಎಂದು ಅಕ್ಕ ಶಾರದೆಯ ನೆನಪು. ಆ ಎರಡನೆಯದನ್ನೂ ಹೇಳಿದ್ದರೆ ನಾನು ಸುಳ್ಳುಗಾರ. ಹೇಳದೇ ಇದ್ದರೆ ಬರೀ ಹೇಡಿ. ಈ ವಯಸ್ಸಿನಲ್ಲಿ ಕುಳಿತು ಇವೆರಡರಲ್ಲಿ ನಾನು ಯಾವುದು ಎಂದು ಲೆಕ್ಕ ಹಾಕುತ್ತಿದ್ದೇನೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವನು, ಪ್ರಮಾಣವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು. ನನ್ನ ಬಾಲ್ಯದ ಮಟ್ಟಿಗೆ ಮಾತ್ರ ನನ್ನ ಹತ್ತಿರ ಇರುವ ಪ್ರಮಾಣವೆಂದರೆ ಅಕ್ಕನ ಬಾಯಿ ಮತ್ತು ನನ್ನ ಮೂಗು. ಈಗಲೂ ಯಾರ ಮನೆಯಲ್ಲಾದರೂ ಮೆಂತೆ ಹುರಿಯುವ ವಾಸನೆ ಬಂದರೆ ನನ್ನ ಕಿವಿ ಬಿಸಿಯಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಇದು ಮನೆಯ ರುಚಿಯನ್ನು ನೆನೆದು ಬಾಯಲ್ಲಿ ನೀರೂರಿಸುವ ಬರಹ ಅಲ್ಲ. ನನಗೆ ಸಿಟ್ಟಿದೆ, ಅದು ಇನ್ನೂ ಇಳಿದಿಲ್ಲ.

ಹೊನ್ನಾವರದಲ್ಲಿ ಬಂದರಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಹಿತ್ತಿಲ ಕಡೆಗೆ ಇನ್ನೊಂದು ಸಣ್ಣ ಜಗಲಿ. ಅಡುಗೆಮನೆಗೂ ದೇವರ ಕೋಣೆಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಉಪ್ಪಿನಕಾಯಿ, ಉಪ್ಪು ಹಾಕಿದ ಮಾವಿನಮಿಡಿ, ಹುಣಸೆಹಣ್ಣು, ಒಣಗಿಸಿದ ಮುರುಗಲು ಸಿಪ್ಪೆ ಎಲ್ಲ ಅಲ್ಲಿ. ಅದಕ್ಕೆ ಭರಣಿ ಕೋಣೆ ಎಂದು ಹೆಸರು. ಅಲ್ಲಿನ ಎಲ್ಲ ಭರಣಿಗಳಿಗೂ ರಾಜನಂತೆ ಮಣೆಯ ಮೇಲೆ ಕೂತಿದ್ದದ್ದು ಸಾರಿನ ಪುಡಿಯ ಭರಣಿ. ಅದು ಕಂದು ಬಣ್ಣದ್ದು, ಕುತ್ತಿಗೆ ಮಾತ್ರ ಹಳದಿ ಎಂದು ನನಗೆ ನೆನಪು. ಇಡೀ ಬಿಳಿಯದು ಎನ್ನುತ್ತಾಳೆ ಶಾರದಕ್ಕ. ಇರಲಿ. ಅದರ ಒಡತಿ ಅಪ್ಪಯ್ಯನ ಅಕ್ಕ, ನಮ್ಮ ಗೋದಾವರಿ ಅತ್ತೆ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ, ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಲೆಯ ಮೇಲೆ ಸೆರಗು, ಮೈಮೇಲೆ ಕೆಂಪು ಸೀರೆ, ಸೊಂಟದಲ್ಲಿ ಬೀಗದಕೈ. ಇಡೀ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಭರಣಿಯೊಂದೇ. ಹೀಗೆ ಬರೆಯುವುದು ಈಗ ಸುಲಭ. ಬರೆದ ಕೂಡಲೇ ಅವಳನ್ನು ಕ್ಷಮಿಸಿಬಿಡಬೇಕು ಎಂದು ಓದುವವರಿಗೆ ಅನಿಸುತ್ತದೆ. ನನಗೆ ಅನಿಸುವುದಿಲ್ಲ.

ಪುಡಿ ಕುಟ್ಟುವುದು ಮಳೆ ಹಿಡಿಯುವುದಕ್ಕೆ ಮೂರು ವಾರ ಮೊದಲು. ಅಂಗಳದಲ್ಲಿ ಚಾಪೆ ಹಾಸಿ ಬ್ಯಾಡಗಿ ಮೆಣಸು ಒಣಹಾಕುತ್ತಿದ್ದರು. ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಇನ್ನೊಂದು ದಿನ ಬಿಸಿಲು. ಆಮೇಲೆ ಹುರಿಯುವುದು. ಕೊತ್ತುಂಬರಿ ಬೇರೆ, ಜೀರಿಗೆ ಬೇರೆ, ಸಾಸಿವೆ ಬೇರೆ, ಕಾಳುಮೆಣಸು ಬೇರೆ, ಕರಿಬೇವು ಬೇರೆ. ಮೆಂತೆ ಕೊನೆಗೆ. ಮೆಂತೆ ಕೆಂಪಾಗಬೇಕು, ಕಪ್ಪಾಗಬಾರದು. ಇವೆರಡರ ನಡುವೆ ಇರುವುದು ಒಂದು ಉಸಿರಿನಷ್ಟು ಹೊತ್ತು. ಆ ಹೊತ್ತು ಗೊತ್ತಿದ್ದದ್ದು ಆಯಿಗೆ, ಅಂದರೆ ನನ್ನ ಅಮ್ಮನಿಗೆ. ಹಿರೇಗುತ್ತಿಯಿಂದ ಮದುವೆಯಾಗಿ ಬಂದ ನನ್ನ ಆಯಿ ಬಾಣಲೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಮೂಗು ಸ್ವಲ್ಪ ಮೇಲೆತ್ತಿ ಕೂತಿರುತ್ತಿದ್ದಳು. ಥಟ್ಟನೆ ಬಾಣಲೆ ಇಳಿಸುತ್ತಿದ್ದಳು. ಅತ್ತೆ ಹುರಿದ ವರ್ಷ ಪುಡಿ ಕಹಿಯಾಗಿತ್ತಂತೆ. ಹಾಗಾಗಿ ಒಲೆಯ ಮುಂದೆ ಬೇಯುವುದು ಆಯಿ. ಅಳತೆ, ಜರಡಿ, ಭರಣಿ ಎಲ್ಲ ಅತ್ತೆ. ಕುಟ್ಟುವುದಕ್ಕೆ ಗಣಪಿ ಬರುತ್ತಿದ್ದಳು. ಹೊಳೆಯ ದಂಡೆಯ ಕೇರಿಯವಳು, ಆಗಿನ್ನೂ ಇಪ್ಪತ್ತು ದಾಟಿರದ ಗಟ್ಟಿ ಹೆಂಗಸು. ಒನಕೆ ಎತ್ತಿ ಹಾಕುತ್ತ ಸೀನುವಳು, ಸೀನಿದ್ದಕ್ಕೊಂದು ಮಾತು ಸೇರಿಸುವಳು.

"ಈ ಪುಡಿ ತಿನ್ನೂದು ನೀವು, ಸೀನೂದು ನಾನು. ಎಂತ ನ್ಯಾಯ ಇದು, ಅಮ್ಮಾ?"

"ನಿಂಗೂ ಒಂದು ಕರಟ ಕೊಡ್ತೆ, ಸುಮ್ಮಂಗೆ ಕುಟ್ಟು," ಎನ್ನುತ್ತಿದ್ದಳು ಆಯಿ. ಅತ್ತೆ ಒಳಗಿನಿಂದಲೇ, "ಕೊಡೂದು ಬಿಡೂದು ನಾ ನೋಡ್ಕತ್ತೆ," ಎನ್ನುತ್ತಿದ್ದಳು.

ಪುಡಿ ಆರಿದ ಮೇಲೆ ಅತ್ತೆ ಅದನ್ನು ಒತ್ತಿ ಒತ್ತಿ ತುಂಬಿ, ಮೇಲೆ ಒಂದು ಇಂಗಿನ ತುಂಡು ಇಟ್ಟು, ಬಿಳಿ ಬಟ್ಟೆಯಿಂದ ಬಾಯಿ ಕಟ್ಟುತ್ತಿದ್ದಳು. ಅಲ್ಲಿಂದ ಮುಂದೆ ಆ ಭರಣಿ ದೇವರಿಗೆ ಸಮ. ತೆಗೆಯುವುದು ಹದಿನೈದು ದಿನಕ್ಕೊಮ್ಮೆ, ಏಕಾದಶಿಯ ಮಾರನೆಯ ಬೆಳಿಗ್ಗೆ. ಅತ್ತೆಯೇ, ಮಿಂದು, ಮಡಿಯುಟ್ಟು. ಒಲೆಯ ಹತ್ತಿರದ ಸಣ್ಣ ಡಬ್ಬಿಗೆ ಹದಿನೈದು ದಿನದ ಪುಡಿ ಹಾಕಿ ಮತ್ತೆ ಕಟ್ಟುವಳು. ಡಬ್ಬಿಯಿಂದ ಅಡುಗೆಗೆ ಹಾಕಿಕೊಳ್ಳುವುದಕ್ಕೆ ಆಯಿಗೆ ಅನುಮತಿ ಇತ್ತು. ಭರಣಿಯ ಕೋಣೆಗೂ ಹೋಗಬಹುದಿತ್ತು, ಉಪ್ಪು ಹುಣಸೆ ತರುವುದಕ್ಕೆ. ತಿಂಗಳಿಗೆ ಮೂರು ದಿನ ಆಯಿ ಹೊರಗೆ ಕೂರುವಾಗ ಮಾತ್ರ ಹಿತ್ತಿಲ ಜಗಲಿ ಬಿಟ್ಟು ಅಲ್ಲಾಡುವಂತಿಲ್ಲ. ಆಗ ಅತ್ತೆ ಅಡುಗೆ ಮಾಡುವಳು, ಹನ್ನೆರಡು ವರ್ಷದ ಶಾರದಕ್ಕ ಆಯಿಗೆ ದೂರದಿಂದ ಬಡಿಸುವಳು.

ನನಗೆ ಆಗ ಹತ್ತು ವರ್ಷ. ಆಷಾಢದಲ್ಲಿ ನನಗೆ ಜ್ವರ ಬಂದಿತ್ತು. ಜ್ವರ ಬಿಟ್ಟ ಮರುದಿನ ಗಂಜಿಯ ಬಟ್ಟಲು ಹಿಡಿದುಕೊಂಡು ನಾನು ಹಿತ್ತಿಲ ಕಡೆಗೆ ಹೋದೆ. ಆಯಿ ಹೊರಗೆ ಕೂತ ಎರಡನೆಯ ದಿನವೋ ಮೂರನೆಯ ದಿನವೋ. ಗಂಜಿ ಸಪ್ಪೆ, ಬಾಯಿ ಕೆಟ್ಟಿತ್ತು. ನಾನು ಅಳುತ್ತಿದ್ದೆ ಎನ್ನುತ್ತಾಳೆ ಅಕ್ಕ, ಇದ್ದರೂ ಇರಬಹುದು. ಆಯಿಯ ಬಾಳೆಲೆಯ ಅಂಚಿನಲ್ಲಿ ಒಂದು ಚಿಟಿಕೆ ಸಾರಿನ ಪುಡಿ ಇತ್ತು, ಅದರ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ. ಅತ್ತೆಯ ಅಡುಗೆ ಆಯಿಗೆ ಸೇರುವುದಿಲ್ಲ ಎಂದು ಅಕ್ಕನೇ ಒಲೆಯ ಹತ್ತಿರದ ಡಬ್ಬಿಯಿಂದ ಕದ್ದು ತಂದು ಬಡಿಸಿದ್ದಳು. ಆಯಿ ಅದನ್ನು ಬೆರಳಲ್ಲಿ ತೆಗೆದು ಮೇಲಿನಿಂದ ನನ್ನ ಬಟ್ಟಲಿಗೆ ಉದುರಿಸಿದಳು.

"ಉಣ್ಣು ತಮ. ಯಾರ ಹತ್ರನೂ ಹೇಳಡ," ಎಂದಳು.

ನಡೆದದ್ದು ಇಷ್ಟೇ. ಇಷ್ಟನ್ನು ಮಾತ್ರ ನಾನೂ ಅಕ್ಕನೂ ಒಂದೇ ಥರ ಹೇಳುತ್ತೇವೆ.

ನಾಗರಪಂಚಮಿಗೆ ಎರಡು ದಿನ ಇರುವಾಗ, ಹಬ್ಬಕ್ಕೆ ಹೆಚ್ಚು ಪುಡಿ ಬೇಕೆಂದು ಏಕಾದಶಿ ಕಾಯದೆ ಭರಣಿ ತೆಗೆಯಲು ಹೋದ ಅತ್ತೆಯ ಕೂಗು ಬೆಳಿಗ್ಗೆ ಭರಣಿ ಕೋಣೆಯಿಂದ ಬಂತು. ಹಾವು ಕಚ್ಚಿತೆಂದೇ ಎಲ್ಲರೂ ಓಡಿದೆವು. ಭರಣಿಯ ಬಾಯಿಯ ಬಟ್ಟೆ ಬಿಚ್ಚಿತ್ತು. ಇಂಗಿನ ತುಂಡಿನ ಸುತ್ತ ಪುಡಿ ಹೆಂಟೆ ಕಟ್ಟಿ, ಅದರ ಮೇಲೆ ಬೂದು ಹಸಿರು ಬಣ್ಣದ ಬೂಷ್ಟು ಹಬ್ಬಿತ್ತು. ಅತ್ತೆ ಒಂದು ಹಿಡಿ ಎತ್ತಿ ಅಪ್ಪಯ್ಯನ ಮೂಗಿನ ಹತ್ತಿರ ಹಿಡಿದಳು. ವರ್ಷದ ಪುಡಿ. ಕೆಳಗಿನವರೆಗೂ ಅದೇ ವಾಸನೆ.

"ನೋಡು. ನಿನ್ನ ಹೆಂಡ್ತಿ ಮಾಡಿದ ಕೆಲ್ಸ ನೋಡು."

"ನಾ ಎಂತ ಮಾಡಿದ್ದೆ ಅತ್ತಿಗೆ?" ಎಂದಳು ಆಯಿ.

"ಹೊರಗೆ ಕೂತವ್ವು ಮುಟ್ಟದೇ ಇದು ಹೀಂಗೆ ಆಗ್ತಿಲ್ಲೆ. ನಮ್ಮ ಅಜ್ಜಿ ಕಾಲದಿಂದ ಈ ಭರಣಿಲಿ ಬೂಸ್ಲು ಬಂದಿದ್ದಿಲ್ಲೆ. ಮಾಣಿ ಗಂಜಿ ಬಟ್ಲು ನಾ ತೊಳೆದ್ದೆ. ಅದ್ರಲ್ಲಿ ಪುಡಿ ಇತ್ತು. ಆವತ್ತು ಮಾಣಿಗೆ ನಾ ಪುಡಿ ಹಾಕಿದ್ನಿಲ್ಲೆ."

ಅಪ್ಪಯ್ಯ ನಡುಮನೆಗೆ ಬಂದು ಮಣೆಯ ಮೇಲೆ ಕೂತರು. ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡರು. ಅವರು ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರಿಕೆಗೆ ಸೇರಿದವರು. ಶಾಲೆಯಲ್ಲಿ ಕದ್ದ ಹುಡುಗರನ್ನು ವಿಚಾರಿಸುವಾಗ ಹೇಗೆ ಕೂರುತ್ತಿದ್ದರೋ ಹಾಗೇ ಕೂತಿದ್ದರು. ಆಯಿ ಅಡುಗೆಮನೆಯ ಬಾಗಿಲಲ್ಲಿ, ಅಕ್ಕ ಅವಳ ಹಿಂದೆ.

"ಗಂಜಿಗೆ ಪುಡಿ ಯಾರು ಹಾಕಿದ್ದ, ತಮ? ಹೆದ್ರಡ. ಖರೆ ಹೇಳು."

"ಆಯಿ."

ನನ್ನ ನೆನಪಿನಲ್ಲಿ ಇರುವುದು ಈ ಒಂದು ಮಾತು. ಅದು ಖರೆಯೇ. ಅಪ್ಪಯ್ಯ ಮುಂದಿನ ಪ್ರಶ್ನೆ ಕೇಳಲಿಲ್ಲ. ಎಲ್ಲಿಂದ ತೆಗೆದು ಹಾಕಿದ್ದು ಎಂದು ಕೇಳಿದ್ದರೆ ಬಾಳೆಲೆಯಿಂದ ಎನ್ನುತ್ತಿದ್ದೆ. ಕೇಳಲಿಲ್ಲ, ಅವರಿಗೆ ಬೇಕಾದಷ್ಟು ಸಿಕ್ಕಿತ್ತು. ಶಾರದಕ್ಕನ ನೆನಪು ಬೇರೆ. ಅವರು ಕೇಳಿದರಂತೆ, ನಾನು "ಭರಣಿಂದ" ಎಂದೆನಂತೆ. ಡಬ್ಬಿಯ ಹೆಸರು ತೆಗೆದರೆ ಅಕ್ಕನಿಗೆ ಪೆಟ್ಟು ಬೀಳುತ್ತದೆಂದು ಹಾಗೆ ಹೇಳಿದೆ ಎಂದು ಅವಳ ವಿವರಣೆ. ಇದನ್ನು ನಾನು ನಂಬಬೇಕೇ? ಆ ಬಾಗಿಲಲ್ಲಿ ನಿಂತು ತಾನೇ ತಂದು ಬಡಿಸಿದ್ದೆಂದು ಬಾಯಿ ಬಿಡದಿದ್ದವಳು ಅವಳೂ ಹೌದಲ್ಲ. ನಾನು ಸುಳ್ಳು ಹೇಳಿದ್ದರೆ ಅವಳ ಮೌನದ ಭಾರ ಸ್ವಲ್ಪ ಇಳಿಯುತ್ತದೆ. ನಾನು ಖರೆ ಹೇಳಿದ್ದೆ ಎಂದು ಉಳಿದರೆ ನನ್ನದು ಇಳಿಯುತ್ತದೆ. ನಾವಿಬ್ಬರೂ ನಮಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿದ್ದೇವೆ ಎಂಬುದೇ ನನ್ನ ಗುಮಾನಿ.

ಆಯಿ ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಅದನ್ನು ಇನ್ನೂ ವಿವರಿಸುವ ಶಕ್ತಿ ನನಗಿಲ್ಲ.

"ನಾ ಭರಣಿ ಮುಟ್ಟಿದ್ನಿಲ್ಲೆ," ಎಂದಳು.

"ಹೊಟ್ಟೆಲಿ ಹುಟ್ಟಿದ ಮಾಣಿನೇ ಹೇಳ್ತಾ ಇದ್ದ. ಇನ್ನೆಂತ ಬೇಕು?" ಎಂದಳು ಅತ್ತೆ.

ಅಪ್ಪಯ್ಯ ಹೆಚ್ಚು ಮಾತಾಡುವವರಲ್ಲ. "ಇನ್ನು ಮೇಲೆ ಪುಡಿ ದಿನಾ ಗೋದಾವರಿ ಅಕ್ಕನೇ ತೆಗೆದು ಕೊಡ್ತು. ಆ ಕೋಣೆಗೆ ನೀ ಹೋಪದು ಬ್ಯಾಡ," ಎಂದು ಎದ್ದು ಅಂಗಿ ಹಾಕಿಕೊಂಡು ಶಾಲೆಗೆ ಹೋದರು.

ಆ ಶಾಲೆಯಲ್ಲಿ ಐದನೆಯ ಇಯತ್ತೆಗೆ ಅವರೇ ನನ್ನ ಮಾಸ್ತರು. ಅದೇ ಮಳೆಗಾಲದಲ್ಲಿ ಅವರು ನಮಗೆ ಆರೋಗ್ಯಶಾಸ್ತ್ರ ಹೇಳಿಕೊಟ್ಟಿದ್ದರು. ತೇವ ಇದ್ದಲ್ಲಿ ಬೂಷ್ಟು, ಬೂಷ್ಟಿಗೆ ಜಾತಿಯಿಲ್ಲ ಮಡಿಯಿಲ್ಲ, ನೀರು ಸೋಂಕದ ಹಾಗೆ ಇಟ್ಟ ಧಾನ್ಯ ವರ್ಷಗಟ್ಟಲೆ ಇರುತ್ತದೆ ಎಂದು ಹಲಗೆಯ ಮೇಲೆ ಬರೆಸಿದ್ದರು. ಆ ಪಾಠ ಪಂಚಮಿಯ ಮೊದಲೋ ನಂತರವೋ ನನಗೆ ನೆನಪಿಲ್ಲ. ನಂತರ ಆಗಿದ್ದರೆ ಇನ್ನೂ ನಾಚಿಕೆಗೇಡು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಅವಳು ನಂಬಿದ್ದನ್ನು ಹೇಳಿದಳು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಮನೆಯಲ್ಲಿ ಜಗಳ ಬೇಡವೆಂದು ಹೆಂಡತಿಯನ್ನು ಬಲಿಗೆ ಒಪ್ಪಿಸಿಬಿಟ್ಟರು. ಅವರನ್ನು ಸಾಧು ಮಾಸ್ತರು ಎಂದು ಊರೆಲ್ಲ ಹೊಗಳುತ್ತಿತ್ತು. ಅವರ ಸಾಧುತನದ ಖರ್ಚು ಕೊಟ್ಟವಳು ಒಬ್ಬಳೇ.

ನನಗೆ ಕಾರಣ ಹೊಳೆದದ್ದು ಬಹಳ ತಡವಾಗಿ, ಧಾರವಾಡದ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕುವಾಗ. ಬೇಸಗೆಯಲ್ಲಿ ಅತ್ತೆಯ ಮಡಿಸೀರೆ ಗಳುವಿನ ಮೇಲೆ ಗರಿಗರಿಯಾಗಿ ಒಣಗುತ್ತಿತ್ತು. ಆಷಾಢದಲ್ಲಿ ಒಣಗುವುದೆಲ್ಲಿ? ಒಣಗದ ಬಟ್ಟೆ ಮಡಿಗೆ ಅಡ್ಡಿಯಿಲ್ಲ, ಬೇರೆಯವರು ಮುಟ್ಟಿದ ಬಟ್ಟೆ ಆಗುವುದಿಲ್ಲ. ಆದ್ದರಿಂದ ಮಿಂದವಳೇ ಅದೇ ಒದ್ದೆ ಸೀರೆ ಹಿಂಡಿ ಉಟ್ಟುಕೊಂಡು, ಸೆರಗಿನಿಂದ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತ ಭರಣಿಯ ಮೇಲೆ ಬಾಗುತ್ತಿದ್ದಳು. ಮಳೆ ಹೆಚ್ಚಾದಷ್ಟೂ ಸೀರೆ ಹೆಚ್ಚು ಒದ್ದೆ. ಆ ಹನಿಗಳು ಪುಡಿಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಇದನ್ನು ಊಹೆ ಎಂದೇ ಬರೆಯುತ್ತೇನೆ. ಅಜ್ಜಿಯ ಕಾಲದಲ್ಲಿ ಯಾಕೆ ಕೆಟ್ಟಿರಲಿಲ್ಲ ಎಂದು ನಾನೇ ನನ್ನನ್ನು ಕೇಳಿಕೊಂಡೆ. ಅಜ್ಜಿ ಮುತ್ತೈದೆ, ಅವಳಿಗೆ ರೇಷ್ಮೆಯ ಪಟ್ಟೆಮಡಿ ಇತ್ತು, ಅದು ಯಾವಾಗಲೂ ಒಣಗಿದ್ದು. ಅವಳು ತೀರಿಕೊಂಡು ಭರಣಿ ಅತ್ತೆಯ ಕೈಗೆ ಬಂದು ಆಗ ಎರಡೇ ವರ್ಷ, ಮೊದಲನೆಯ ವರ್ಷ ಮಳೆ ಕಡಿಮೆ. ವಿಧವೆಯಾದ ಹುಡುಗಿಗೆ ಪಟ್ಟೆ ಯಾರು ಕೊಡಿಸುತ್ತಾರೆ? ಇದೂ ಊಹೆ. ಈ ಊಹೆ ಮಾಡುವಾಗ ಮಾತ್ರ ಅತ್ತೆಯ ಮೇಲಿನ ಸಿಟ್ಟು ಸ್ವಲ್ಪ ಜಾಗ ಬದಲಿಸಿ ಅಪ್ಪಯ್ಯನ ಕಡೆಗೆ, ಅವರ ಅಪ್ಪನ ಕಡೆಗೆ ಹೋಗುತ್ತದೆ.

ತೀರ್ಪಿನ ಮಾರನೆಯ ಬೆಳಿಗ್ಗೆ ಅತ್ತೆ ಗಣಪಿಯಿಂದ ಅವಸರದಲ್ಲಿ ಕುಟ್ಟಿಸಿದ ಹೊಸ ಪುಡಿಯನ್ನು ಒಂದು ಕರಟದಲ್ಲಿ ಹಾಕಿಕೊಂಡು ಅಡುಗೆಮನೆಗೆ ಬಂದಳು. ಭಿಕ್ಷೆಗೆ ಬಂದವರಿಗೆ ಅಕ್ಕಿ ಕೊಡುವಾಗ ಹಿಡಿಯುವ ಹಾಗೆ ಕೈ ಚಾಚಿ ಹಿಡಿದಳು.

"ತಗ. ಇವತ್ತಿಂದು."

"ಬ್ಯಾಡ ಅತ್ತಿಗೆ. ಇವತ್ತು ತಂಬ್ಳಿ," ಎಂದಳು ಆಯಿ, ತಿರುಗಿ ನೋಡದೆ.

ಅಂದು ಒಂದೆಲಗದ ತಂಬುಳಿ. ಮಾರನೆಯ ದಿನ ಕರಟ ಬಂದಾಗ ಅಪ್ಪೆಹುಳಿ. ಉಪ್ಪಿನ ಮಾವಿನಕಾಯಿ ಕಿವುಚಿ, ಸೂಜಿಮೆಣಸು ನುರಿದು, ಕೊಬ್ಬರಿ ಎಣ್ಣೆಯಲ್ಲಿ ಇಂಗಿನ ಒಗ್ಗರಣೆ. ಭರಣಿ ಕೋಣೆಯಿಂದ ಮಾವಿನಕಾಯಿ ತಂದುಕೊಟ್ಟವಳು ಶಾರದಕ್ಕ. ಮೂರನೆಯ ದಿನ ಮುರುಗಲು ಸಾರು. ಆಮೇಲೆ ದೊಡ್ಡಪತ್ರೆ, ಎಲವರಿಗೆ ಕುಡಿ, ದಾಳಿಂಬೆ ಸಿಪ್ಪೆ, ನೆಲ್ಲಿ, ಹಸಿ ಅರಿಶಿನ. ಹಿತ್ತಿಲಲ್ಲಿ ಚಿಗುರಿದ್ದನ್ನೆಲ್ಲ ಅವಳು ಕಾಳುಮೆಣಸು, ಜೀರಿಗೆ ಹುರಿದು ಕಾಯಿ ಜೊತೆ ಒರಳಿನಲ್ಲಿ ತಿರುವಿ, ಮಜ್ಜಿಗೆ ಬೆರೆಸಿ, ಪುಡಿಯ ಹಂಗಿಲ್ಲದೆ ಒಂದು ಇಡೀ ಅಡುಗೆ ಕಟ್ಟಿದಳು. ಅತ್ತೆಯ ಕರಟ ದಿನವೂ ಬರುತ್ತಿತ್ತು, ದಿನವೂ ತಿರುಗಿ ಹೋಗುತ್ತಿತ್ತು.

"ಎಷ್ಟು ದಿನ ಸೊಪ್ಪು ತಿನ್ಸ್ತೆ? ನಾವೆಂತ ಆಡನೆ?" ಎಂದಳು ಒಂದು ದಿನ ಅತ್ತೆ.

"ಆಡಿಗೆ ಯಾರೂ ಅಳೆದು ಹಾಕ್ತ್ವಿಲ್ಲೆ ಅತ್ತಿಗೆ."

ಅಪ್ಪಯ್ಯ ಒಂದು ಭಾನುವಾರ ಊಟಕ್ಕೆ ಕೂತು ಎಲೆಯ ಮೇಲೆ ಬೆರಳಾಡಿಸುತ್ತ, "ಪುಡಿ ಹಾಕಿದ ಸಾರು ತಿಂದು ಎಷ್ಟು ದಿನ ಆತು," ಎಂದರು. ಆಯಿ ಅವರ ಎಲೆಗೆ ತಂಬುಳಿ ಬಡಿಸಿ, "ನಿಮ್ಮ ಅಕ್ಕನ ಹತ್ರ ಕೇಳಿ," ಎಂದಳು. ಅವರು ಕೇಳಲಿಲ್ಲ. ಅತ್ತೆ ಸಾಯುವವರೆಗೆ, ಅಂದರೆ ಒಂಬತ್ತು ವರ್ಷ, ಆಯಿ ಮಾಡಿದ ಅಡುಗೆಗೆ ಆ ಪುಡಿ ಬೀಳಲಿಲ್ಲ. ಹಬ್ಬಕ್ಕೆ ಬೇಕಾದರೆ ಅತ್ತೆಯೇ ಒಂದು ಪಾತ್ರೆ ಸಾರು ಬೇರೆ ಮಾಡಿಕೊಳ್ಳುತ್ತಿದ್ದಳು. ಬೇಸಗೆಯಲ್ಲಿ ಮೆಂತೆ ಹುರಿಯುವುದಕ್ಕೆ ಮಾತ್ರ ಆಯಿಯನ್ನು ಕರೆಯುತ್ತಿದ್ದರು. ಅವಳು ಹೋಗಿ ಕಣ್ಣು ಮುಚ್ಚಿ ಕೂತು ಹುರಿದು, ಇಳಿಸಿ, ಎದ್ದು ಬರುತ್ತಿದ್ದಳು. ಯಾಕೆ ಹೋಗುತ್ತಿದ್ದಳು ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಹಾಳು ಮಾಡಿ ಕೊಡಬಹುದಿತ್ತು. ನಾನಾಗಿದ್ದರೆ ಕಪ್ಪಾಗುವವರೆಗೂ ಬಿಡುತ್ತಿದ್ದೆ.

ಈಗ ಮದುವೆ ಮುಂಜಿಗಳಲ್ಲಿ ಸಿಕ್ಕ ನೆಂಟರು ನನ್ನ ಕೈ ಹಿಡಿದುಕೊಂಡು ಹೇಳುತ್ತಾರೆ, "ನಿನ್ನ ಆಯಿ ಕೈ ತಂಬ್ಳಿ ಅಂದ್ರೆ ಎಂತ ರುಚಿ ಮಾರಾಯ! ಈಗಿನವ್ಕೆ ಅಂಥದೆಲ್ಲ ಎಲ್ಲಿ ಬತ್ತು?" ಹಳೆಯ ಕಾಲದ ಹೆಂಗಸರ ಜ್ಞಾನ, ಸೊಪ್ಪಿನ ಗುಣ, ಸಾತ್ವಿಕ ಆಹಾರ ಎಂದು ಮುಂದುವರಿಸುತ್ತಾರೆ. ನಾನು ಒಮ್ಮೆ ಕುಮಟೆಯ ಒಂದು ಮದುವೆಮನೆಯಲ್ಲಿ ಪಂಕ್ತಿಯಿಂದ ಎದ್ದು ಹೋಗಿದ್ದೇನೆ. ಅದು ಜ್ಞಾನ ಅಲ್ಲ ಸ್ವಾಮಿ, ಶಿಕ್ಷೆ. ಸ್ವಂತ ಮನೆಯಲ್ಲಿ ಕರಟದಲ್ಲಿ ಅಳೆದು ಕೊಟ್ಟ ಪುಡಿ ಮುಟ್ಟಲೊಲ್ಲದ ಹೆಂಗಸು ಹಿತ್ತಿಲಲ್ಲಿ ಸೊಪ್ಪು ಹುಡುಕಿಕೊಂಡು ಬಂದದ್ದು. ಅದರ ರುಚಿಯನ್ನು ನಾನೂ ಚಪ್ಪರಿಸಿ ಉಂಡಿದ್ದೇನೆ ಎಂಬುದು ಬೇರೆ ಮಾತು.

ಆ ಪಂಚಮಿಯ ಮುಂದಿನ ವರ್ಷ ಇಂಗ್ಲಿಷ್ ಶಾಲೆಗೆ ಸೇರಿಸಲು ನನ್ನನ್ನು ಕುಮಟೆಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಅಲ್ಲಿಂದ ಮುಂದೆ ಮಳೆಗಾಲಗಳಲ್ಲಿ ಹೊನ್ನಾವರದ ಮನೆಯಲ್ಲಿ ಏನಾಯಿತೆಂದು ನಾನು ಕಂಡವನಲ್ಲ. ಆಯಿ ತೀರಿಕೊಂಡ ಮೇಲೆ, ಅಪ್ಪಯ್ಯನೂ ಹೋದ ಮೇಲೆ, ನನ್ನ ಒಂದು ಮಾತೋ ಎರಡು ಮಾತೋ ಎಂಬ ತಗಾದೆ ನನ್ನನ್ನು ಬಿಡದಿದ್ದಾಗ ಇನ್ನೊಬ್ಬ ಸಾಕ್ಷಿ ಬದುಕಿದ್ದಾಳೆಂದು ನೆನಪಾಯಿತು. ಗಣಪಿ ಬೆಳಕೆ ಎಂಬ ಊರಿನಲ್ಲಿ ಮಗನ ಮನೆಯಲ್ಲಿದ್ದಳು. ಭಟ್ಕಳದಲ್ಲಿ ಬಸ್ಸು ಬದಲಿಸಿ ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿತ್ತು, ಬಾಯಿ ಹಾಗೇ ಇತ್ತು.

"ಮಾಸ್ತರ ಮಗನಾ? ಎಂತ ಒಡ್ಯಾ, ಪುಡಿ ಕುಟ್ಟೂಕೆ ಕರೀಲಿಕ್ಕೆ ಬಂದ್ರಾ?"

ನಾನು ಪಂಚಮಿಯ ವಿಷಯ ತೆಗೆದೆ. ವಿಚಾರಣೆಯ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ, ನಾನು ಏನು ಹೇಳಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಸುಮ್ಮನೆ ಬಂದೆನೇ ಎಂದುಕೊಳ್ಳುವಷ್ಟರಲ್ಲಿ ಅವಳೇ ಕೇಳಿದಳು.

"ಯಾವ ವರ್ಸದ್ದು ಹೇಳ್ತ್ರಿ? ಮೊದ್ಲಿಂದಾ, ಮುಂದಿಂದಾ?"

"ಮುಂದಿಂದು ಅಂದ್ರೆ?"

"ಮುಂದಿನ ವರ್ಸನೂ ಬೂಸ್ಲು ಬಂದಿತ್ತಲ್ರಾ. ಮಳೆಲೇ ನನ್ನ ಕರೆದು ಮತ್ತೆ ಕುಟ್ಸಿದ್ರು. ಅದರ ಮುಂದಿನ ವರ್ಸನೂ. ಯಾರ ಹತ್ರನೂ ಹೇಳ್ಬೇಡ ಅಂತ ದೊಡ್ಡಮ್ಮ ಸೀರೆ ಕೊಟ್ಟಿದ್ರು. ಈಗ ಅವರೂ ಇಲ್ಲ, ಸೀರೆನೂ ಇಲ್ಲ."

ದೊಡ್ಡಮ್ಮ ಎಂದರೆ ಅತ್ತೆ. ನಾನು ಅವಳ ಮಾತನ್ನು ಅಲ್ಲಿಗೇ ನಂಬಲಿಲ್ಲ; ಮುದುಕಿ, ವರ್ಷಗಳನ್ನು ಕಲಸಿರಬಹುದು. ಅಂದೇ ಹೊನ್ನಾವರಕ್ಕೆ ಬಂದು ಶಾರದಕ್ಕನ ಮನೆಗೆ ಹೋದೆ. ಗಣಪಿಯನ್ನು ಕಂಡದ್ದಾಗಲೀ ಅವಳು ಹೇಳಿದ್ದಾಗಲೀ ಒಂದೂ ತಿಳಿಸದೆ, ನಾನು ಕುಮಟೆಗೆ ಹೋದ ವರ್ಷ ಭರಣಿಗೆ ಏನಾಯಿತು ಎಂದಷ್ಟೇ ಕೇಳಿದೆ. ಅವಳು ಬಾಗಿಲು ಮುಂದೆ ಮಾಡಿ ಬಂದು ಕೂತಳು. ಆಮೇಲೆ ಹೇಳಿದಳು. ಆಯಿ ಆ ಕೋಣೆಗೆ ಕಾಲಿಡದಿದ್ದರೂ ಮುಂದಿನ ಎರಡು ಮಳೆಗಾಲವೂ ಪುಡಿ ಬೂಷ್ಟು ಹಿಡಿದಿತ್ತು. ಎರಡು ಸಲವೂ ಅಪ್ಪಯ್ಯನೇ ಅದನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಸುರಿದು ಬಂದರು. ಎರಡು ಸಲವೂ ಖಾಲಿ ಭರಣಿಯನ್ನು ಹಿತ್ತಿಲ ಜಗಲಿಗೆ ತಂದಿಟ್ಟರು, ಮತ್ತು ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದದ್ದು ಆಯಿ.